ಅವ್ವನ ಬಾಯಲ್ಲಿ ಉಳಿದ ಒಂದು ಮಾತು

2022ರ ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ಅವ್ವ ಊರಿನ ಮನೆಯ ಜಗಲಿ ಮೇಲೆ ಕೂತು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತಿದ್ದಳು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಬೆರಳಲ್ಲಿ ಉಳಿಯಬೇಕು. ಆವತ್ತು ಕಾಳು ಕಾಳಾಗಿಯೇ ಜಾರಿ ನೆಲಕ್ಕೆ ಬೀಳುತ್ತಿದ್ದವಂತೆ. ಎದುರು ಮನೆಯ ಹುಡುಗಿ ನೋಡಿ "ಅಜ್ಜಿ, ಕಾಳೆಲ್ಲ ಬಿದ್ದೋಯ್ತಾ ಅವೆ" ಅಂದಳು. ಅವ್ವ ಏನೋ ಹೇಳಲು ಹೋದಳು. ಬಾಯಿ ಒಂದು ಕಡೆಗೆ ವಾಲಿತು.

ಹತ್ತಿರದ ವೈದ್ಯರೊಬ್ಬರು ಬಿ.ಪಿ. ಮಾತ್ರೆ ಕೊಟ್ಟು ಮಲಗಿಸಿ ಅಂದರು. ಅಣ್ಣ ನಂಬಿ ಮಲಗಿಸಿದ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಲಕ್ವ ಹೊಡೆದಾಗ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಒಂದಿದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅನ್ನುವುದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಇದನ್ನು ಓದುತ್ತಿರುವವರು ದಯವಿಟ್ಟು ಇಷ್ಟನ್ನು ಮನೆಯವರಿಗೆಲ್ಲ ಹೇಳಿಡಿ. ಅವ್ವ ಮೈಸೂರಿನ ಆಸ್ಪತ್ರೆ ಸೇರುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು.

ಕೊರೋನಾದ ಮೂರನೇ ಅಲೆಯ ದಿನಗಳು. ರೋಗಿಯ ಜೊತೆ ಒಬ್ಬರೇ ಇರಬೇಕಿತ್ತು, ನಾನಿದ್ದೆ. ನಾಲ್ಕನೇ ದಿನ ಬೆಳಗ್ಗೆ ಅವ್ವ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. "ನೀರು ಬೇಕಾ ಅವ್ವಾ?" ಅಂದೆ. ತುಟಿ ಅಲುಗಾಡಿಸಿ, ಕಷ್ಟಪಟ್ಟು, ಸ್ಪಷ್ಟವಾಗಿ ಹೇಳಿದಳು: "ಬತ್ತೀನಿ."

ಎಲ್ಲಿಗೆ ಬರ್ತಾಳೆ? ಮನೆಗೆ ಬರ್ತೀನಿ ಅಂತಿರಬಹುದು ಅಂದುಕೊಂಡೆ. ಹಸಿವಾ ಅಂದರೂ ಬತ್ತೀನಿ. ನೋವಾ ಅಂದರೂ ಬತ್ತೀನಿ. ಅಣ್ಣನ ಹೆಸರೇನು ಅಂದರೆ ಹುಬ್ಬು ಗಂಟಿಕ್ಕಿ, ಎಡಗೈಯಿಂದ ಹಾಸಿಗೆ ಗುದ್ದಿ, ಅಳುತ್ತಾ, ಬತ್ತೀನಿ. ಅರವತ್ತೆಂಟು ವರ್ಷ ಊರ ಬಾಯಿಗೆಲ್ಲ ಮಾತು ಕೊಟ್ಟ ಹೆಂಗಸಿಗೆ ಉಳಿದದ್ದು ಆ ಒಂದೇ ಪದ.

ನಾನು ಮಕ್ಕಳ ಚಿತ್ರಪುಸ್ತಕಗಳನ್ನು ಬರೆಯುತ್ತೇನೆ. ಚಿತ್ರ ನಾನು ಬಿಡಿಸುವುದಿಲ್ಲ, ಮಾತು ಮಾತ್ರ ನನ್ನದು. ಒಂದು ಪುಸ್ತಕದಲ್ಲಿ ಹೆಚ್ಚೆಂದರೆ ಮುನ್ನೂರು ಪದ ಇರುತ್ತದೆ. ಆ ಜನವರಿಗೆ ನಾನು ನನ್ನದು ಅನ್ನುವಂಥ ಕಥೆ ಬರೆಯದೆ ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶಾಲೆಗಳು ಮುಚ್ಚಿದ ಮೇಲೆ, ನನ್ನ ಒಪ್ಪಿತವಾಗಿದ್ದ ಎರಡು ಪುಸ್ತಕಗಳು ಮುದ್ರಣಕ್ಕೆ ಹೋಗಲೇ ಇಲ್ಲ. ಬದಲಿಗೆ ಕೈ ತೊಳೆಯುವ ಕಥೆ, ಮಾಸ್ಕ್ ಕಥೆ, ದೂರ ನಿಲ್ಲುವ ಕಥೆ ಬರೆದುಕೊಡಿ ಅಂತ ಕೇಳುವವರು ಬಂದರು. ನಾನೂ ಮೂರು ಬರೆದೆ. ಅದರಲ್ಲೊಂದು ಮೊಲ ಸೋಪು ಹುಡುಕಿಕೊಂಡು ಹೋಗುತ್ತದೆ. ಆ ಮೊಲದ ಮೇಲೆ ನನಗೆ ಇವತ್ತಿಗೂ ಪ್ರೀತಿ ಹುಟ್ಟಿಲ್ಲ. ಹೆದರಿದ ಮಗುವಿಗೆ ನಾನು ಕೊಟ್ಟದ್ದು ಕಥೆಯ ಬಟ್ಟೆ ತೊಡಿಸಿದ ಒಂದು ಆಜ್ಞೆ. ಕಷ್ಟ ಬಂದಾಗ ದೊಡ್ಡವರಿಗೆ ಮಕ್ಕಳ ಪುಸ್ತಕ ನೆನಪಾಗುವುದೇ ಬುದ್ಧಿ ಹೇಳುವುದಕ್ಕೆ. ಅದು ತಪ್ಪು ಅಂತ ಆಗ ಹೇಳುವ ಧೈರ್ಯ ನನಗೆ ಇರಲಿಲ್ಲ, ಈಗ ಹೇಳುತ್ತಿದ್ದೇನೆ.

ಹಾಗಾಗಿ ಅವ್ವನನ್ನು ಸರಸ್ವತಿಪುರಂನ ನನ್ನ ಮನೆಗೆ ಕರೆತಂದಾಗ ಬರವಣಿಗೆಯ ಚಿಂತೆ ಇರಲೇ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಅವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ರಾಗಿ ಗಂಜಿ ಚಮಚದಲ್ಲಿ ಕುಡಿಸಬೇಕು, ನೆತ್ತಿಗೆ ಹತ್ತದ ಹಾಗೆ ಗದ್ದ ಬಗ್ಗಿಸಿ. ಹತ್ತಕ್ಕೆ ಫಿಸಿಯೋಥೆರಪಿಯವರು ಬರುತ್ತಾರೆ. ಮಧ್ಯಾಹ್ನ ಮಲಗಿಸಿ, ಮಗ್ಗುಲು ಬದಲಿಸಿ, ಬಟ್ಟೆ ಒಗೆದು ಕೂರುವಷ್ಟರಲ್ಲಿ "ಬತ್ತೀನಿ" ಅನ್ನುವ ಕೂಗು. ಆ ಕೂಗಿನ ಏರಿಳಿತದಲ್ಲೇ ಬಚ್ಚಲಿಗಾ, ಬಾಯಾರಿಕೆಗಾ, ಬೇಜಾರಿಗಾ ಅಂತ ನಾನು ಗುರುತಿಸತೊಡಗಿದ್ದೆ.

ಮಾರ್ಚ್‌ನಿಂದ ವಾರಕ್ಕೆ ಮೂರು ದಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗತೊಡಗಿದೆವು. ಮೈಸೂರಿನವರು "ಸ್ಪೀಚ್ ಅಂಡ್ ಹಿಯರಿಂಗ್" ಅಂತಲೇ ಕರೆಯುವ ಜಾಗ. ದೂರದೂರಿಂದ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದ ತಾಯಂದಿರ ನಡುವೆ ಅವ್ವ ವೀಲ್‌ಚೇರಿನಲ್ಲಿ ಕೂತಿರುತ್ತಿದ್ದಳು. ಅಲ್ಲಿನ ಥೆರಪಿಸ್ಟ್ ಹುಡುಗಿ ನನಗೆ ವಿವರಿಸಿದಳು: ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಬುದ್ಧಿಗೆ ಏನೂ ಆಗಿಲ್ಲ, ನಾವು ಹೇಳಿದ್ದು ಹೆಚ್ಚುಕಮ್ಮಿ ಎಲ್ಲ ಅರ್ಥವಾಗುತ್ತದೆ. ಮೆದುಳಿನ ಎಡಭಾಗದಲ್ಲಿ ಮಾತು ಕಟ್ಟುವ ಜಾಗಕ್ಕೆ ಪೆಟ್ಟಾಗಿದೆ, ಪದ ಒಳಗಿದೆ, ದಾರಿ ಮುಚ್ಚಿದೆ. ಕೆಲವರಿಗೆ ಹೀಗೆ ಒಂದೇ ಮಾತು ಉಳಿದು ಅದೇ ಅದೇ ಬರುತ್ತದೆ.

ರಾತ್ರಿ ಫೋನಿನಲ್ಲಿ ಅದರ ಬಗ್ಗೆ ಓದಿದೆ. 1861ರಲ್ಲಿ ಪ್ಯಾರಿಸ್ ಬಳಿಯ ಆಸ್ಪತ್ರೆಯೊಂದರಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ ಒಬ್ಬ ರೋಗಿಯನ್ನು ಕಂಡ. ಲೆಬೋರ್ನ್ ಅವನ ಹೆಸರು. ಎರಡು ದಶಕ ಆಸ್ಪತ್ರೆಯಲ್ಲೇ ಕಳೆದಿದ್ದ ಅವನ ಬಾಯಿಂದ ಬರುತ್ತಿದ್ದದ್ದು "ಟಾನ್" ಎಂಬ ಒಂದು ಶಬ್ದ, ಸಾಮಾನ್ಯವಾಗಿ ಎರಡೆರಡು ಸಲ. ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಬ್ರೋಕಾ ಅವನ ಮೆದುಳನ್ನು ಪರೀಕ್ಷಿಸಿ ಮಾತಿನ ಜಾಗವನ್ನು ಗುರುತಿಸಿದ. ಇವತ್ತಿಗೂ ಆ ಜಾಗಕ್ಕೆ ಬ್ರೋಕಾನ ಹೆಸರೇ ಇದೆ. ಆ ರೋಗಿಯ ಬಗ್ಗೆಯೇ ನಾನು ಬಹಳ ಹೊತ್ತು ಯೋಚಿಸಿದೆ. ಅಷ್ಟು ವರ್ಷ ಆ ಒಂದು ಶಬ್ದದಲ್ಲಿ ಅವನು ಕೋಪ ಮಾಡಿಕೊಂಡಿರುತ್ತಾನೆ, ಊಟ ಕೇಳಿರುತ್ತಾನೆ, ಯಾರನ್ನೋ ನೆನೆದಿರುತ್ತಾನೆ.

ಥೆರಪಿಯ ಮೇಜಿನ ಮೇಲೆ ಚಿತ್ರದ ಕಾರ್ಡುಗಳಿದ್ದವು. ಲೋಟ, ಬಾಚಣಿಗೆ, ಹಸು, ಛತ್ರಿ, ಮರ. ಒಂದು ಕಾರ್ಡಿಗೆ ಒಂದು ಚಿತ್ರ, ಸುತ್ತ ಬಿಳಿ ಜಾಗ. ಆ ಹುಡುಗಿ ಕಾರ್ಡು ಹಿಡಿದು "ಮ…" ಅಂತ ತುಟಿ ಮುಚ್ಚಿ ಶುರುಮಾಡಿ ಕಾಯುತ್ತಿದ್ದಳು. ಮಾಸ್ಕ್ ಹಾಕಿದರೆ ಬಾಯಿ ಕಾಣುವುದಿಲ್ಲವೆಂದು ಪಾರದರ್ಶಕ ಶೀಲ್ಡ್ ಹಾಕಿಕೊಂಡಿರುತ್ತಿದ್ದಳು. ಐದು ಸೆಕೆಂಡ್, ಹತ್ತು ಸೆಕೆಂಡ್. ನನಗೆ ತಡೆಯಲಾರದೆ "ಮರ ಅನ್ನವ್ವ" ಅನ್ನಬೇಕೆನಿಸುತ್ತಿತ್ತು. ಅವಳು ಕಣ್ಣಲ್ಲೇ ನನ್ನನ್ನು ತಡೆಯುತ್ತಿದ್ದಳು. ಕಾಯಬೇಕು. ಆ ಖಾಲಿ ಹೊತ್ತು ಅವ್ವನದು, ಅದನ್ನು ನಾನು ತುಂಬಬಾರದು.

ಚಿತ್ರಪುಸ್ತಕ ಬರೆಯುವವರಿಗೆ ಇದು ಹೊಸದೇನಲ್ಲ. ಮಗು ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲುತ್ತದಲ್ಲ, ಮುಂದೇನು ಅಂತ, ನಮ್ಮ ಕಸುಬೆಲ್ಲ ಆ ಕ್ಷಣದಲ್ಲೇ ಇರುವುದು. ಚಿತ್ರ ಹೇಳುವುದನ್ನು ಮಾತು ಹೇಳಬಾರದು. ಕೆಂಪು ಛತ್ರಿಯ ಚಿತ್ರವಿದ್ದರೆ "ಕೆಂಪು ಛತ್ರಿ" ಎಂದು ಬರೆದರೆ ಎರಡು ಪದ ದಂಡ. ಇದನ್ನೆಲ್ಲ ನಾನು ಕಾರ್ಯಾಗಾರಗಳಲ್ಲಿ ಹೇಳಿಕೊಟ್ಟವಳು. ಆದರೆ ಹತ್ತು ಸೆಕೆಂಡ್ ಅಂದರೆ ಎಷ್ಟು ಉದ್ದ ಎಂದು ಆ ಕೋಣೆಯಲ್ಲಿ ಕೂತಾಗಲೇ ಗೊತ್ತಾದದ್ದು.

ಇನ್ನೊಂದು ಹೋಲಿಕೆ ನನ್ನನ್ನು ಬೆಚ್ಚಿಬೀಳಿಸಿತು. ಆಗಷ್ಟೇ ಓದಲು ಕಲಿಯುವ ಮಕ್ಕಳಿಗೆ ಬರೆಯುವಾಗ ನಾವು ಒತ್ತಕ್ಷರಗಳನ್ನು ಆದಷ್ಟು ಬಿಡುತ್ತೇವೆ. "ಪುಸ್ತಕ"ದ ಬದಲು "ಪುಟ", "ವೃಕ್ಷ"ದ ಬದಲು "ಮರ". ಅವ್ವನಿಗೂ ಮೊದಲು ಕೊಟ್ಟ ಪದಗಳು ಅಂಥವೇ. ಮರ, ಮನೆ, ನೀರು, ಬಾ. ನನ್ನ ಕಪಾಟಿನಲ್ಲಿ ಐದು ವರ್ಷದ ಮಕ್ಕಳಿಗೆಂದು ನಾನೇ ಬರೆದ ಪುಸ್ತಕಗಳಿದ್ದವು. ತಂದು ಅವ್ವನ ತೊಡೆ ಮೇಲಿಟ್ಟೆ. ಅಕ್ಷರ ಕಲಿಯದ ಅವ್ವ ಇಷ್ಟು ವರ್ಷ ಅವನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಳೇ ಹೊರತು ಯಾವತ್ತೂ ಬಿಡಿಸಿ ಕೂತವಳಲ್ಲ. ಈಗ ಎಡಗೈಯಲ್ಲಿ ಒಂದೊಂದೇ ಪುಟ ತಿರುಗಿಸಿ, ಚಿತ್ರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದಳು.

ಪದಗಳು ಬರತೊಡಗಿದಾಗ ತಪ್ಪುತಪ್ಪಾಗಿ ಬಂದವು. ಬಾಚಣಿಗೆ ತೋರಿಸಿದರೆ "ಗದ್ದೆ" ಅಂದಳು. ದಿಂಬಿಗೆ "ಮೊಲ". ಫ್ಯಾನಿಗೆ "ಗಾಳಿಮರ". ನಾನು ಅಂಗಡಿಯ ಲೆಕ್ಕದ ಪುಸ್ತಕದಂಥದ್ದೊಂದು ಕೆಂಪು ನೋಟ್‌ಬುಕ್ಕಿನಲ್ಲಿ ಇವನ್ನೆಲ್ಲ ತಾರೀಕು ಹಾಕಿ ಬರೆದಿಡುತ್ತಿದ್ದೆ, ಥೆರಪಿಸ್ಟ್‌ಗೆ ತೋರಿಸಲೆಂದು. ಒಂದು ರಾತ್ರಿ ಆ ಪುಟಗಳನ್ನು ನೋಡುತ್ತಾ ಕೂತವಳಿಗೆ ಬಾಚಣಿಗೆ ಯಾಕೆ ಗದ್ದೆಯಾಯಿತು ಎಂದು ಹೊಳೆಯಿತು. ಸಾಲು. ಬಾಚಣಿಗೆ ಎಳೆದರೆ ಕೂದಲಲ್ಲಿ ಬೀಳುವ ಸಾಲು, ನೇಗಿಲು ಎಳೆದರೆ ಮಣ್ಣಲ್ಲಿ ಬೀಳುವ ಸಾಲು. ಎರಡು ವರ್ಷದಿಂದ ಮಂಜುಗಟ್ಟಿದ್ದ ನನ್ನೊಳಗೆ ಏನೋ ಅಲುಗಿತು. ಅದು ಕಥೆ ಅಂತ ಗುರುತು ಸಿಗುವ ಮೊದಲೇ ನಾಚಿಕೆಯಾಯಿತು. ಹೆತ್ತ ತಾಯಿ ಮಾತು ಕಳೆದುಕೊಂಡು ಒದ್ದಾಡುತ್ತಿರುವಾಗ ನಾನು ಅವಳ ತಪ್ಪುಗಳಲ್ಲಿ ಸರಕು ಹುಡುಕುತ್ತಿದ್ದೇನಲ್ಲ.

ಮರುದಿನ ಅವಳನ್ನೇ ಕೇಳಿದೆ. ಮುಖಕ್ಕೆ ಮುಖ ಕೊಟ್ಟು ಕೂತು, ನಿಧಾನವಾಗಿ. "ಅವ್ವಾ, ನಿನ್ ಮಾತ್ನ ನಾನು ಪುಸ್ತಕಕ್ಕೆ ಹಾಕ್ಕೊಳ್ಳ? ಮಕ್ಕಳ ಪುಸ್ತಕಕ್ಕೆ?" ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಆಮೇಲೆ ಎಡಗೈ ಎತ್ತಿ, ಕಾಳು ಕೇರುವಾಗ ಮೊರ ಆಡಿಸುವ ಹಾಗೆ ಎರಡು ಸಲ ಆಡಿಸಿದಳು. ಜಳ್ಳು ತೂರಿಕೋ, ಕಾಳು ಇಟ್ಟುಕೋ. ನಾನು ಹಾಗೆ ಅರ್ಥ ಮಾಡಿಕೊಂಡೆ. ಅವಳ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಬಳಸಬಾರದೆಂದು ಅವತ್ತೇ ತೀರ್ಮಾನಿಸಿದೆ, ಇವತ್ತಿಗೂ ಹಾಗೇ ನಡೆದುಕೊಂಡಿದ್ದೇನೆ. ಈ ಬರಹವನ್ನೂ ಅವಳಿಗೆ ಓದಿ ಹೇಳಿದ್ದೇನೆ.

ಹಾಡಿನ ವಿಷಯ ಹೇಳದೆ ಮುಂದೆ ಹೋಗಲಾರೆ. "ನೀರು" ಅನ್ನಲು ಬಾರದ ಅವ್ವ ಒಂದು ಬೆಳಗ್ಗೆ, ನಾನು ಮಿಕ್ಸಿ ಹಾಕಿದಾಗ, ಬೀಸೋ ಪದದ ಎರಡು ಸಾಲನ್ನು ತಡೆಯಿಲ್ಲದೆ ಹಾಡಿಬಿಟ್ಟಳು. ಮಿಕ್ಸಿಯ ಗುರ್ರ್ ಶಬ್ದ ಅವಳ ಕಿವಿಗೆ ರಾಗಿಕಲ್ಲಾಗಿ ಕೇಳಿತೇನೋ. ಮಾತು ಹೋದವರಲ್ಲಿ ಹಲವರಿಗೆ ಹಾಡು, ಮಗ್ಗಿ, ದೇವರ ಸ್ತೋತ್ರ, ಬೈಗುಳ ಉಳಿದಿರುತ್ತವಂತೆ. ರಾಗವಾಗಿ ಹೇಳಿಸಿ ಮಾತು ಮರಳಿಸುವ ಚಿಕಿತ್ಸೆಯೇ ಒಂದಿದೆ. ನಾವೂ "ನೀ…ರು ಬೇ…ಕು" ಅಂತ ರಾಗ ಎಳೆದು, ಎಡಗೈಯಿಂದ ತೊಡೆ ತಟ್ಟಿ ಕಲಿಸಿದೆವು. ಅದಾದ ಮೇಲೆ ನಾನು ಬರೆದ ಯಾವ ಸಾಲನ್ನೂ ತೊಡೆ ತಟ್ಟಿ ಓದದೆ ಮುಗಿಸುವುದಿಲ್ಲ. ತಾಳ ತಪ್ಪುವ ಕಡೆ ಖಂಡಿತ ಒಂದು ಪದ ಹೆಚ್ಚಿಗೆ ಇರುತ್ತದೆ.

ಏಪ್ರಿಲ್‌ನ ಒಂದು ಸಂಜೆ ಥೆರಪಿ ಮುಗಿಸಿ ಪಕ್ಕದ ಕುಕ್ಕರಹಳ್ಳಿ ಕೆರೆಗೆ ಹೋದೆವು. ಏರಿಯ ಮೇಲಿನ ಕಲ್ಲುಬೆಂಚಿನ ಪಕ್ಕ ವೀಲ್‌ಚೇರ್ ನಿಲ್ಲಿಸಿದೆ. ಅವ್ವನ ತವರು ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿಗೆ ಕೂಗಳತೆ. ಅಲ್ಲಿಗೆ ಪ್ರತಿ ಚಳಿಗಾಲ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ, ಮರಿಮಾಡಿ, ಮಳೆಗಾಲದ ಹೊತ್ತಿಗೆ ಹಾರಿಹೋಗುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಅವನ್ನು ನೋಡಿಕೊಳ್ಳುತ್ತಾರೆ, ಹಿಕ್ಕೆಯನ್ನು ಗೊಬ್ಬರವಾಗಿ ಗದ್ದೆಗೆ ಹಾಕಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮೀಸಲು ಅನ್ನುವ ಪದ ಬರುವುದಕ್ಕೆ ಎಷ್ಟೋ ಮುಂಚೆ ಅವ್ವ ಚಿಕ್ಕಂದಿನಲ್ಲಿ, ಗೂಡಿನಿಂದ ಬಿದ್ದ ಮರಿಯೊಂದನ್ನು ಮಂಕರಿಯಲ್ಲಿಟ್ಟು ಮೀನು ತಿನ್ನಿಸಿ ಸಾಕಿದ್ದಳಂತೆ. ನನಗೆ ಹೇಳಿದ ಮೊದಲ ಕಥೆಯೇ ಅದು.

ಕೆರೆಯ ಮೇಲೆ ಒಂದು ಹೆಜ್ಜಾರ್ಲೆ ರೆಕ್ಕೆ ಅಲುಗಿಸದೆ ತೇಲಿ ಬಂದು ನೀರಿಗಿಳಿಯಿತು. ಅವ್ವ ಮುಂದಕ್ಕೆ ಬಾಗಿದಳು. "ಜಾರ್ಲೆ" ಅಂದಳು. ನಾನು ಉಸಿರು ಬಿಗಿಹಿಡಿದೆ. "ಜಾರ್ಲೆ… ಬತ್ತೀನಿ." ಆಮೇಲೆ ಎರಡು ತಿಂಗಳು ಎಷ್ಟು ಕೇಳಿದರೂ ಆ ಪದ ಮತ್ತೆ ಬರಲಿಲ್ಲ. ಹಾಗೇ ಇದು, ಒಂದು ದಿನ ಬಂದ ಪದ ಮರುದಿನ ಬರಬೇಕೆಂದಿಲ್ಲ.

ಆಟೋದಲ್ಲಿ ಮನೆಗೆ ವಾಪಸಾಗುವಾಗ ನನಗೆ ಆ "ಬತ್ತೀನಿ" ಕೇಳಿಸಿತು, ಮೊದಲ ಸಲ. ಮೂರು ತಿಂಗಳಿಂದ ದಿನಕ್ಕೆ ನೂರು ಸಲ ಕೇಳಿದ್ದೆ, ಆದರೆ ಕೇಳಿಸಿರಲಿಲ್ಲ. ನಮ್ಮ ಕಡೆ ಮನೆ ಬಿಡುವಾಗ ಯಾರೂ "ಹೋಯ್ತೀನಿ" ಅನ್ನಬಾರದು. ಚಿಕ್ಕವಳಿದ್ದಾಗ ಬಾಯಿತಪ್ಪಿ ಅಂದರೆ ಅವ್ವ ಹೊಸಿಲಲ್ಲೇ ತಡೆದು ನಿಲ್ಲಿಸಿ, "ಬತ್ತೀನಿ ಅನ್ನು" ಅಂತ ಹೇಳಿಸಿಯೇ ಕಳಿಸುತ್ತಿದ್ದಳು. ಹೋಗುವುದಕ್ಕೂ ಬರುವುದಕ್ಕೂ ನಮಗೆ ಒಂದೇ ಮಾತು. ಹೊಲಕ್ಕೆ ಹೋದ ಅಪ್ಪನದು ಅದೇ ಮಾತು, ಮದುವೆಯಾಗಿ ಹೊರಟ ಅಕ್ಕನದು ಅದೇ, ಮೈಸೂರಿಗೆ ಓದಲು ಬಂದ ನನ್ನದೂ ಅದೇ. ಮಳೆಗಾಲಕ್ಕೆ ಮರ ಬಿಟ್ಟು ಹಾರುವ ಹೆಜ್ಜಾರ್ಲೆಗೆ ಬಾಯಿದ್ದಿದ್ದರೆ ಇನ್ನೇನು ಹೇಳುತ್ತಿತ್ತು?

ಆ ರಾತ್ರಿ ಆರು ಎ4 ಹಾಳೆಗಳನ್ನು ನಡುವೆ ಮಡಚಿ ಸ್ಟೇಪ್ಲರ್ ಹೊಡೆದೆ. ಇಪ್ಪತ್ತನಾಲ್ಕು ಪುಟ. ದೊಡ್ಡ ಹಾಳೆಯನ್ನು ಮಡಚಿ ಮುದ್ರಿಸುವುದರಿಂದ ನಮ್ಮ ಪುಸ್ತಕಗಳು ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು ಹೀಗೇ ಬರಬೇಕು. ಮೊದಲ ಪುಟ ಹೆಸರಿಗೆ, ಕೊನೆಯದು ಮುದ್ರಣದ ವಿವರಕ್ಕೆ ಹೋದರೆ ಕಥೆಗೆ ಉಳಿಯುವುದು ಹನ್ನೊಂದು ಜೋಡಿಪುಟ. ಹನ್ನೊಂದರಲ್ಲೂ ಪೆನ್ಸಿಲಿನಲ್ಲಿ ಒಂದೇ ಪದ ಬರೆದೆ. ಅಪ್ಪ ಬಸ್ಸು ಹತ್ತುತ್ತಾನೆ: ಬತ್ತೀನಿ. ಸೂರ್ಯ ಕಬ್ಬಿನ ಗದ್ದೆಯ ಹಿಂದೆ ಇಳಿಯುತ್ತಾನೆ: ಬತ್ತೀನಿ. ಕಳಚಿದ ಹಾಲುಹಲ್ಲನ್ನು ಮಗು ಮಾಡಿನ ಮೇಲೆ ಎಸೆಯುತ್ತದೆ, ಹಲ್ಲು ಹೇಳುತ್ತದೆ: ಬತ್ತೀನಿ. ಹತ್ತನೆಯ ಜೋಡಿಪುಟದಲ್ಲಿ ಹೆಜ್ಜಾರ್ಲೆ. ಹನ್ನೊಂದನೆಯದರಲ್ಲಿ ಬರೆದಿದ್ದನ್ನು ಅಳಿಸಿದೆ. ಅಲ್ಲಿ ಖಾಲಿ ಮರ, ಮರದ ಕೆಳಗೆ ಅಜ್ಜಿ ಮತ್ತು ಮೊಮ್ಮಗಳು, ಮಾತಿಲ್ಲ.

ಕಷ್ಟಕಾಲದಲ್ಲಿ ಚಿತ್ರಪುಸ್ತಕ ಕೈಹಿಡಿಯುವುದಕ್ಕೆ ಒಂದು ಸರಳ ಕಾರಣವಿದೆ: ಇಡೀ ಪುಸ್ತಕವನ್ನು ತಲೆಯಲ್ಲಿ ಹೊತ್ತು ತಿರುಗಬಹುದು. ಕಾದಂಬರಿಗೆ ಮೇಜು ಬೇಕು, ಬಾಗಿಲು ಹಾಕಿದ ಕೋಣೆ ಬೇಕು. ಇದಕ್ಕೆ ಬೇಡ. ಅವ್ವನ ಬೆರಳು ಬಿಡಿಸುತ್ತಾ ಮೂರನೇ ಜೋಡಿಪುಟ ಸರಿಮಾಡಬಹುದು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ಏಳನೆಯದನ್ನು ಕಿತ್ತುಹಾಕಬಹುದು. ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಕೆಳಗೆ ನಾನು ಬರೆದದ್ದಿದೆ. ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಅದೇ ಹಬ್ಬ. ಸಿಗದ ದಿನಗಳಲ್ಲಿ ಕೆಂಪು ನೋಟ್‌ಬುಕ್ಕಿನಲ್ಲಿ ಅವ್ವನ ಆವತ್ತಿನ ಪದ ಒಂದನ್ನಾದರೂ ಬರೆದು ಮಲಗುತ್ತಿದ್ದೆ. ಏನೂ ಬರೆಯದ ದಿನಗಳೂ ಬೇಕಾದಷ್ಟಿದ್ದವು. ಅತ್ತು ಮಲಗಿದ ದಿನಗಳು.

ಸಂಪಾದಕರಿಗೆ ಕಳಿಸಿದಾಗ ಕಥೆ ಇಷ್ಟವಾಯಿತು, ಪದ ಇಷ್ಟವಾಗಲಿಲ್ಲ. "ಬರುತ್ತೇನೆ" ಮಾಡೋಣ, ಕಡೇಪಕ್ಷ "ಬರ್ತೀನಿ". ಬೀದರಿನ ಮಗುವಿಗೆ, ಕುಂದಾಪುರದ ಮಗುವಿಗೆ ಬತ್ತೀನಿ ತಿಳಿಯುವುದು ಹೇಗೆ? ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಾನು ಒಂದು ವಾರ ಯೋಚಿಸಿ ಉತ್ತರ ಬರೆದೆ. "ಬರುತ್ತೇನೆ" ಅಂತ ಮನೆಯಲ್ಲಿ ಯಾವ ಮಗುವೂ ಕೇಳಿಲ್ಲ, ಅದು ಪುಸ್ತಕದ ಭಾಷೆ. ಮಂಡ್ಯದ ಮಗು ಶಾಲೆಗೆ ಹೋದ ಮೊದಲ ದಿನದಿಂದ ತನ್ನ ಅವ್ವನ ಮಾತು ತಪ್ಪು ಅಂತ ಕೇಳುತ್ತಾ ಬೆಳೆಯುತ್ತದೆ. ನಾನು ಹಾಗೆಯೇ ಬೆಳೆದೆ. ಏಳನೇ ಕ್ಲಾಸಿನಲ್ಲಿ "ಅವ್ವ" ಅಂದದ್ದಕ್ಕೆ ತರಗತಿ ನಕ್ಕಮೇಲೆ ಮೂರು ವರ್ಷ ಹೊರಗಡೆ "ಅಮ್ಮ" ಅಂದೆ. ಒಂದು ಪುಸ್ತಕದಲ್ಲಾದರೂ ಆ ಮಗುವಿಗೆ ಮನೆಯ ಮಾತು ದಪ್ಪ ಅಕ್ಷರದಲ್ಲಿ ಕಾಣಲಿ. ಬೀದರಿನ ಮಗುವಿಗೆ ಚಿತ್ರ ಹೇಳಿಕೊಡುತ್ತದೆ, ಚಿತ್ರ ಇರುವುದೇ ಅದಕ್ಕೆ. ಅಲ್ಲಿಯ ಮಾತಿನ ಪುಸ್ತಕ ಬಂದರೆ ನಮ್ಮ ಮಗುವೂ ಹಾಗೇ ಕಲಿಯಲಿ. ಕಾಗದದ ಮೇಲೆ "ತ್ತೀ" ಒತ್ತಕ್ಷರ ನಿಜ, ಆದರೆ ಲಕ್ವ ಹೊಡೆದ ಬಾಯಿಗೂ ಒದಗಿದ ಒತ್ತಕ್ಷರ ಅದು.

ಅವರು ಒಪ್ಪಿದರು.

ಈಗ ಅವ್ವನಿಗೆ ಸುಮಾರು ಎಪ್ಪತ್ತು ಎಂಬತ್ತು ಪದ ಬರುತ್ತದೆ. ಎರಡು ಪದ ಜೋಡಿಸುತ್ತಾಳೆ. "ಸಾರು ಉಪ್ಪು" ಅಂದರೆ ಉಪ್ಪು ಕಮ್ಮಿ, ಅಥವಾ ಹೆಚ್ಚು, ಮುಖ ನೋಡಿ ತಿಳಿಯಬೇಕು. ಕೋಲು ಹಿಡಿದು ಹಜಾರದವರೆಗೆ ನಡೆಯುತ್ತಾಳೆ. ಬತ್ತೀನಿ ಈಗ ಕಮ್ಮಿಯಾಗಿದೆ, ಸುಸ್ತಾದಾಗ ಮಾತ್ರ ಬರುತ್ತದೆ.

ಕಳೆದ ವಾರ ಕಲಾವಿದೆ ಕಳಿಸಿದ ಬಣ್ಣದ ಪುಟಗಳು ಬಂದವು. ಪ್ರಿಂಟ್ ತೆಗೆಸಿ ಅವ್ವನ ಮುಂದೆ ಹರಡಿದೆ. ಎಡಗೈಯಲ್ಲಿ ಒಂದೊಂದನ್ನೇ ಎತ್ತಿ ನೋಡಿದಳು. ಅಪ್ಪನ ಬಸ್ಸಿಗೆ ತಲೆಯಾಡಿಸಿದಳು. ಹಲ್ಲಿನ ಪುಟಕ್ಕೆ ನಕ್ಕಳು. ಹೆಜ್ಜಾರ್ಲೆ ಪುಟ ಬಂದಾಗ ಕೈ ನಿಂತಿತು. ಬೆಂಗಳೂರಿನ ಆ ಹುಡುಗಿ ಬಹಳ ಚೆಂದ ಬಿಡಿಸಿದ್ದಳು. ಕೊಕ್ಕಿನ ಕೆಳಗಿನ ಚೀಲ, ಅದರಲ್ಲಿ ಉಬ್ಬಿದ ಮೀನು, ಗೂಡಿನಲ್ಲಿ ಬಾಯಿ ತೆರೆದ ಮರಿಗಳು. ಅವ್ವ ಬೆರಳಿಂದ ಮರವನ್ನು ಕುಟ್ಟಿದಳು. ತಲೆ ಅಡ್ಡ ಆಡಿಸಿದಳು. ನಾನು ಕಾದೆ. ಹತ್ತು ಸೆಕೆಂಡ್, ಇಪ್ಪತ್ತು.

"ಹುಣ್ಸೆ" ಅಂದಳು. ಮತ್ತೆ ಕುಟ್ಟಿ, ಜೋರಾಗಿ, "ಹುಣ್ಸೆ! ತೆಂಗು ಇಲ್ಲ."

ನಾನೂ, ಸಂಪಾದಕರೂ ನೋಡಿ ಒಪ್ಪಿದ್ದ ಚಿತ್ರ ಅದು. ಹೆಜ್ಜಾರ್ಲೆ ತೆಂಗಿನಮರದಲ್ಲಿ ಗೂಡು ಕಟ್ಟಿತ್ತು. ಕಲಾವಿದೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ಅಜ್ಜಿ, ಹುಣಸೆಮರ ನಾನು ಹತ್ತಿರದಿಂದ ನೋಡಿಲ್ಲ, ಕೊಂಬೆ ಹೇಗಿರುತ್ತೆ?" ಅಂತ ಕೇಳಿದಳು. ಅವ್ವ ಫೋನಿಗೆ ಕಾಣುತ್ತದೆಂಬಂತೆ ಎಡಗೈಯನ್ನು ಅಗಲವಾಗಿ ಬೀಸಿ, ಬೆರಳುಗಳನ್ನು ಕೆಳಕ್ಕೆ ಬಾಗಿಸಿ ತೋರಿಸಿದಳು. ನಾನು ಅದರ ಫೋಟೋ ತೆಗೆದು ಕಳಿಸಿದೆ. ಹತ್ತನೆಯ ಜೋಡಿಪುಟ ಹೊಸದಾಗಿ ಬರುತ್ತಿದೆ. ಬೆಳಗ್ಗೆ ಗಂಜಿ ಕುಡಿದ ಕೂಡಲೇ ಅವ್ವ ನನ್ನ ಫೋನಿನ ಕಡೆ ಬೆರಳು ತೋರಿಸಿ ಕೇಳುತ್ತಾಳೆ, "ಮರ? ಬಂತಾ?"